ನೂರಕ್ಕೆ 32

ನಮ್ಮಪ್ಪ ಫೋನಿನಲ್ಲಿ ಮಾತಾಡುವುದು ಬಹಳ ಕಡಿಮೆ. ನಾನು ಬೆಂಗಳೂರಿಗೆ ಬಂದು ಹದಿನೇಳು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ನಮ್ಮಿಬ್ಬರ ಫೋನ್ ಸಂಭಾಷಣೆ ಎಂದರೆ "ಊಟ ಆಯ್ತಾ?", "ಮಳೆ ಬಂತಾ?", "ತಡಿ, ಅವ್ವಂಗೆ ಕೊಡ್ತೀನಿ".. ಇಷ್ಟೇ. ಮೂರನೇ ಮಾತು ಮುಗಿಯುವಷ್ಟರಲ್ಲಿ ಫೋನು ಅವ್ವನ ಕೈಯಲ್ಲಿರುತ್ತಿತ್ತು. ಅಂಥ ಅಪ್ಪ ಈಗ ಒಂದೂವರೆ ವರ್ಷದಿಂದ ದಿನಾ ಬೆಳಿಗ್ಗೆ ಏಳೂಕಾಲಿಗೆ ತಾನಾಗಿಯೇ ಫೋನ್ ಮಾಡುತ್ತಾನೆ. ಮಾಡಿ ಒಂದು ಸಂಖ್ಯೆ ಹೇಳುತ್ತಾನೆ. "61.8". ನಾನು "ಹೂಂ" ಅನ್ನುತ್ತೇನೆ.

ಈ ಸಂಖ್ಯೆಯ ಹಿಂದೆ ಇನ್ನೊಂದು ಸಂಖ್ಯೆಯ ಕತೆ ಇದೆ. ಅದನ್ನು ಬರೆಯಬೇಕು ಅಂತ ಎಷ್ಟೋ ದಿನದಿಂದ ಅಂದುಕೊಳ್ಳುತ್ತಿದ್ದೆ. ನಿಮ್ಮಲ್ಲೂ ಯಾರಿಗಾದರೂ ಈ ಸಂಖ್ಯೆ ಸಿಕ್ಕಿರಬಹುದು, ಸಿಕ್ಕಾಗ ನಾವು ಹೆದರಿದ ಹಾಗೆ ನೀವು ಹೆದರದೇ ಇರಲಿ ಅಂತ ಈಗ ಬರೆಯುತ್ತಿದ್ದೇನೆ.

ನಮ್ಮೂರು ಚನ್ನರಾಯಪಟ್ಟಣದ ಕಡೆಯದು. ಅಪ್ಪ ಊರಿನ ಹಾಲಿನ ಸೊಸೈಟಿಯ ಸೆಕ್ರೆಟರಿ. ಊರಿನವರ ಬಾಯಲ್ಲಿ 'ಡೈರಿ'. ಬೆಳಿಗ್ಗೆ ಆರಕ್ಕೆ ಒಂದು ಸಲ, ಸಂಜೆ ಆರಕ್ಕೆ ಒಂದು ಸಲ ಅಪ್ಪ ಡೈರಿಯ ಬಾಗಿಲು ತೆಗೆಯಲೇಬೇಕು. ಹಬ್ಬವಿರಲಿ, ಮದುವೆಯಿರಲಿ, ಸಾವಿರಲಿ. ಹಸುವಿಗೆ ಭಾನುವಾರ ಗೊತ್ತಿಲ್ಲವಲ್ಲ! ನನ್ನ ಮದುವೆಯ ಆರತಕ್ಷತೆಯ ದಿನವೂ ಅಪ್ಪ ಸಂಜೆ ಹಾಲು ಅಳೆದು, ಲೆಕ್ಕ ಬರೆದು, ಲಾರಿಗೆ ಕ್ಯಾನು ಹತ್ತಿಸಿ, ಆಮೇಲೆ ಛತ್ರಕ್ಕೆ ಬಂದಿದ್ದ. ಹತ್ತಿರ ಬಂದರೆ ಹೊಸ ಪಂಚೆಯಲ್ಲೂ ಹಾಲಿನ ವಾಸನೆ.

2023ರ ನವೆಂಬರಿನಲ್ಲಿ ಒಂದು ಸಂಜೆ ಕ್ಯಾನು ಎತ್ತುವಾಗ ಅಪ್ಪನಿಗೆ ಎದೆ ಉರಿ ಬಂತು. ಆಗ ಅವನಿಗೆ 58. ಮನೆಗೆ ಬಂದು ಸೋಡಾ ಕುಡಿದ, ಅವ್ವ ಜೀರಿಗೆ ಕಷಾಯ ಮಾಡಿಕೊಟ್ಟಳು. ಎಂಟು ಗಂಟೆಗೆ ಅವ್ವ ನನಗೆ ಫೋನ್ ಮಾಡಿದಳು. ನಾನು ಆಫೀಸಿನ ಯಾವುದೋ ರಿಲೀಸಿನ ಕಾಲ್‌ನಲ್ಲಿದ್ದೆ. ಮ್ಯೂಟ್ ಮಾಡಿಕೊಂಡು "ಗ್ಯಾಸ್ ಇರ್ಬೇಕು ಅವ್ವ, ಒಂದು ಮಾತ್ರೆ ಕೊಟ್ಟು ಮಲಗಿಸು, ಬೆಳಿಗ್ಗೆ ನೋಡಣ" ಅಂದೆ. ಅಂದವನು ನಾನೇ. ಬೇರೆ ಯಾರೂ ಅಲ್ಲ.

ಬೆಳಿಗ್ಗೆ ಅಪ್ಪ ಹೇಗೋ ಎದ್ದು ಡೈರಿಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಬೆವರು, ಉಸಿರು ಕಟ್ಟಿದ ಹಾಗೆ. ಭಾವ ಕಾರಿನಲ್ಲಿ ಹಾಕಿಕೊಂಡು ಹಾಸನಕ್ಕೆ ಓಡಿದರು. ಇ.ಸಿ.ಜಿ. ತೆಗೆದ ಡಾಕ್ಟರು ಮೊದಲು ಕೇಳಿದ್ದು "ನೋವು ಯಾವಾಗ ಶುರುವಾಯ್ತು?" ಅಂತ. ಲೆಕ್ಕ ಹಾಕಿದರೆ 19 ಗಂಟೆ. ಹೃದಯದ ಒಂದು ರಕ್ತನಾಳ ಪೂರ್ತಿ ಕಟ್ಟಿಕೊಂಡಿತ್ತು. ಸ್ಟೆಂಟ್ ಹಾಕಿ ತೆರೆದರು. ಆದರೆ ರಕ್ತ ಸಿಗದೆ ಇಷ್ಟು ಹೊತ್ತು ಕಾದ ಮಾಂಸಖಂಡದಲ್ಲಿ ಒಂದಷ್ಟು ಆಗಲೇ ಸತ್ತುಹೋಗಿತ್ತು.

ಮೂರನೇ ದಿನ ಎಕೋ ಮಾಡಿದರು. ರೌಂಡ್ಸಿಗೆ ಬಂದ ಡಾಕ್ಟರು ವರದಿ ನೋಡಿ, "ಇ.ಎಫ್. 32 ಪರ್ಸೆಂಟ್ ಇದೆ. ಹಾರ್ಟ್ ವೀಕ್ ಆಗಿದೆ. ಮಾತ್ರೆ ಯಾವ ಕಾರಣಕ್ಕೂ ನಿಲ್ಲಿಸ್ಬೇಡಿ" ಅಂದು ಮುಂದಿನ ಮಂಚಕ್ಕೆ ಹೋದರು. ಅವರ ತಪ್ಪೇನಿಲ್ಲ, ಅವತ್ತು ಆ ವಾರ್ಡಿನಲ್ಲಿ ಇನ್ನೂ ಇಪ್ಪತ್ತು ಮಂಚಗಳಿದ್ದವು. ಆದರೆ ಆ ಒಂದು ಸಂಖ್ಯೆ ನಮ್ಮ ಮಂಚದ ಹತ್ತಿರವೇ ಉಳಿದುಬಿಟ್ಟಿತು.

ಸಂಜೆಯೊಳಗೆ ಅದು ಊರು ತಲುಪಿತು. "ಹೃದಯ ಮೂರರಲ್ಲಿ ಒಂದು ಭಾಗ ಮಾತ್ರ ಕೆಲಸ ಮಾಡ್ತದಂತೆ" ಅಂತ ಒಬ್ಬರು. ಚಿಕ್ಕಪ್ಪನ ಮಗ ಮೊಬೈಲು ತೋರಿಸಿ "ಬ್ಯಾಟ್ರಿ 32 ಉಳಿದಿದ್ದಂಗೆ, ಅಲ್ವಾ?" ಅಂದ. ನನಗೂ ಅದೇ ಚಿತ್ರ ಮನಸ್ಸಿನಲ್ಲಿತ್ತು, ಇಂಜಿನಿಯರಿಂಗ್ ಓದಿದ್ದು ಯಾವ ಉಪಯೋಗಕ್ಕೂ ಬರಲಿಲ್ಲ. ಅಪ್ಪ ಮಾತ್ರ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದ: "ಎಸ್ಸೆಸ್ಸೆಲ್ಸಿ ಇಂಗ್ಲಿಷಲ್ಲಿ 31 ಬಂದು ಫೇಲಾಗಿದ್ದೆ ಕಣ್ಲಾ. ಅಕ್ಟೋಬರಲ್ಲಿ ಕಟ್ಟಿ ಪಾಸ್ ಮಾಡ್ಕಂಡೆ. ಇದನ್ನ ಎಲ್ಲಿ ಕಟ್ಟದು?"

ಎಲ್ಲರೂ ನಕ್ಕೆವು. ಅಪ್ಪ ನಗಲಿಲ್ಲ.

ಮನೆಗೆ ಬಂದ ಮೇಲೆ ಗೊತ್ತಾಯಿತು, ಅಪ್ಪ ಅದನ್ನು ತಮಾಷೆಗೆ ಹೇಳಿರಲಿಲ್ಲ ಅಂತ. ಡೈರಿಯ ಬೀಗದ ಕೈ ತೆಗೆದು ಭಾವನ ಕೈಗೆ ಕೊಟ್ಟ. ಎಲ್ಐಸಿ ಬಾಂಡು, ಪಾಸ್‌ಬುಕ್ಕು, ಪಹಣಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಅವ್ವನಿಗೆ ತೋರಿಸಿದ. ಎರಡು ಹಸುಗಳಲ್ಲಿ ಒಂದನ್ನು ಮಾರುವ ಮಾತಾಡಿದ. ಡಾಕ್ಟರು ದಿನಾ ಹತ್ತು ನಿಮಿಷ ನಿಧಾನಕ್ಕೆ ನಡೆಯಿರಿ ಅಂದಿದ್ದರೆ ಇವನು ನಡುಮನೆಯ ಮಂಚ ಬಿಟ್ಟು ಏಳುತ್ತಿರಲಿಲ್ಲ. ಬಚ್ಚಲಿಗೆ ಹೋಗಬೇಕಾದರೂ ಅವ್ವನ ಹೆಗಲು. ಗದರಿದರೆ "ಇರದೇ ಮೂರ್ನೇ ಒಂದು ಭಾಗ. ಅದನ್ನೂ ಖರ್ಚು ಮಾಡ್ಲಾ?" ಅನ್ನುತ್ತಿದ್ದ. ಮೂವತ್ತು ವರ್ಷ ಬೇರೆಯವರ ಹಾಲಿನ ಲೆಕ್ಕ ಇಟ್ಟವನು ಈಗ ತನ್ನ ಎದೆಬಡಿತದ ಲೆಕ್ಕ ಇಡುತ್ತಾ ಮಲಗಿದ್ದ.

ನಾನು ಒಂದು ತಿಂಗಳು ಊರಿನಿಂದಲೇ ಕೆಲಸ ಮಾಡುತ್ತೇನೆ ಅಂತ ಆಫೀಸಿನಲ್ಲಿ ಹೇಳಿ ಅಲ್ಲೇ ಉಳಿದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಎಕೋ ವರದಿಯ ಹಾಳೆ ಹರಡಿಕೊಂಡು ಕೂರುತ್ತಿದ್ದೆ. ನಿಜ ಹೇಳಬೇಕೆಂದರೆ, ಓದಿ ತಿಳಿದುಕೊಳ್ಳುವ ಆಸೆಗಿಂತ ಆ 19 ಗಂಟೆ ನನ್ನನ್ನು ಮಲಗಲು ಬಿಡುತ್ತಿರಲಿಲ್ಲ.

ಮೊದಲು ತಿಳಿದದ್ದು ಇದು. ಹೃದಯದಲ್ಲಿ ನಾಲ್ಕು ಕೋಣೆ. ಅದರಲ್ಲಿ ಇಡೀ ಮೈಗೆ ರಕ್ತ ನೂಕುವುದು ಎಡಗಡೆಯ ಕೆಳಕೋಣೆ. ಆರೋಗ್ಯವಂತನಲ್ಲಿ ಈ ಕೋಣೆ ಪೂರ್ತಿ ತುಂಬಿದಾಗ ಸುಮಾರು 120 ಮಿಲಿಲೀಟರ್ ರಕ್ತ ಹಿಡಿಯುತ್ತದೆ. ಒಂದು ಸಲ ಬಡಿದಾಗ ಅದರಲ್ಲಿ ಸುಮಾರು 70 ಮಿಲಿ ಹೊರಗೆ ಹೋಗುತ್ತದೆ. ಉಳಿದ 50 ಮಿಲಿ? ಅಲ್ಲೇ ಇರುತ್ತದೆ! ಹೃದಯ ಯಾವತ್ತೂ ತನ್ನನ್ನು ಪೂರ್ತಿ ಖಾಲಿ ಮಾಡಿಕೊಳ್ಳುವುದೇ ಇಲ್ಲ. 120ಕ್ಕೆ 70 ಅಂದರೆ ನೂರಕ್ಕೆ 58. ಈ ಶೇಕಡಾವಾರಿಗೇ ಇ.ಎಫ್. ಅಂತ ಹೆಸರು, ತುಂಬಿದ್ದರಲ್ಲಿ ಎಷ್ಟು ಪಾಲು ಆಚೆ ಹೋಯಿತು ಅನ್ನುವುದು. ಸುಮಾರಾಗಿ 55ರಿಂದ 70ರವರೆಗೆ ಇದ್ದರೆ ಅದು ಗಟ್ಟಿಮುಟ್ಟಾದ ಹೃದಯ.

ಅದನ್ನು ಓದಿದಾಗ ನಾನು ಎದ್ದು ನಿಂತೆ. ಅಂದರೆ ಈ ಪರೀಕ್ಷೆಯಲ್ಲಿ ಪೂರ್ತಿ ಅಂಕವೇ 60ರ ಆಸುಪಾಸು! ನೂರಕ್ಕೆ ನೂರು ತೆಗೆಯುವ ಹೃದಯ ಈ ಭೂಮಿಯ ಮೇಲೆ ಯಾರ ಎದೆಯಲ್ಲೂ ಇಲ್ಲ. ಕುಸ್ತಿ ಪೈಲ್ವಾನನಿಗೂ ಇಲ್ಲ. ನಾವೆಲ್ಲ ತಪ್ಪು ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡು ಅಳುತ್ತಿದ್ದೆವು.

ಹಾಗಂತ 32 ಒಳ್ಳೆಯ ಸಂಖ್ಯೆ ಅಂತಲ್ಲ. ಅಲ್ಲ. 40ಕ್ಕಿಂತ ಕಡಿಮೆ ಬಂದರೆ ಡಾಕ್ಟರುಗಳು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಆದರೆ 'ಮೂರರಲ್ಲಿ ಎರಡು ಭಾಗ ಹೋಯಿತು' ಅನ್ನುವುದೂ ಸುಳ್ಳು. ವರದಿಯಲ್ಲಿ ಇನ್ನೆರಡು ಸಂಖ್ಯೆಗಳಿದ್ದವು. ತುಂಬಿದಾಗ 158 ಮಿಲಿ, ಬಡಿದ ಮೇಲೆ ಉಳಿದದ್ದು 107. ಕಳೆದರೆ 51. ಅಪ್ಪನ ಹೃದಯ ಒಂದು ಬಡಿತಕ್ಕೆ 51 ಮಿಲಿ ನೂಕುತ್ತಿತ್ತು. ಆಸ್ಪತ್ರೆಯ ಮಾನಿಟರಿನಲ್ಲಿ ಅವನ ನಾಡಿ 92 ಇದ್ದದ್ದು ನನಗೆ ನೆನಪಿತ್ತು, ಆ ಹಸಿರು ಅಂಕಿಯನ್ನೇ ನೋಡುತ್ತಾ ರಾತ್ರಿಗಳನ್ನು ಕಳೆದಿದ್ದೆನಲ್ಲ. ಔಷಧಿ ಬಿಲ್ಲಿನ ಹಿಂದೆ ಗುಣಿಸಿದೆ. 51 ಇಂಟು 92, ನಿಮಿಷಕ್ಕೆ ಸುಮಾರು 4.7 ಲೀಟರ್. ಆರೋಗ್ಯವಂತನದು? 70 ಇಂಟು 72, ಅಂದರೆ ಹೆಚ್ಚುಕಡಿಮೆ 5 ಲೀಟರ್. ವ್ಯತ್ಯಾಸ ಇಷ್ಟೇ!

ಎರಡೆರಡು ಸಲ ಗುಣಿಸಿದೆ. ಸರಿಯಾಗಿಯೇ ಇತ್ತು. ಗಾಯವಾದ ಹೃದಯ ಎರಡು ಉಪಾಯ ಮಾಡಿತ್ತು. ಒಂದು, ತಾನು ಹಿಗ್ಗಿ ಹೆಚ್ಚು ರಕ್ತ ತುಂಬಿಸಿಕೊಂಡಿತ್ತು. ಇನ್ನೊಂದು, ಬೇಗಬೇಗ ಬಡಿಯುತ್ತಿತ್ತು. ಹೀಗೆ ಏನೇನೋ ಮಾಡಿ ಮಲಗಿದ್ದ ಅಪ್ಪನ ಮೈಗೆ ಬೇಕಾದ ರಕ್ತವನ್ನು ಹೆಚ್ಚುಕಡಿಮೆ ಪೂರ್ತಿ ಒದಗಿಸುತ್ತಿತ್ತು. ಹೆಚ್ಚು ತುಂಬಿಕೊಂಡಷ್ಟೂ ಹೃದಯ ಹೆಚ್ಚು ಬಲವಾಗಿ ಬಡಿಯುತ್ತದೆ ಅನ್ನುವುದನ್ನು ಜರ್ಮನಿಯ ಓಟ್ಟೋ ಫ್ರಾಂಕ್, ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬಿಬ್ಬರು ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ರಬ್ಬರನ್ನು ಎಳೆದಷ್ಟೂ ಕಲ್ಲು ದೂರ ಹೋಗುತ್ತದಲ್ಲ, ಹಾಗೆ. ಆದರೆ ಅದೇ ರಬ್ಬರನ್ನು ತಿಂಗಳುಗಟ್ಟಲೆ ಎಳೆದೇ ಇಟ್ಟರೆ ಜೋತುಬೀಳುತ್ತದೆ. ಅಪ್ಪನ ಹೃದಯಕ್ಕಿದ್ದ ಅಪಾಯ ಅದು. ಇವತ್ತಿನ ಲೆಕ್ಕವನ್ನು ಅದು ಸರಿದೂಗಿಸುತ್ತಿತ್ತು, ನಾಳೆಯದನ್ನು ಸಾಲ ತೆಗೆದು.

ಇದನ್ನೆಲ್ಲ ಅಪ್ಪನಿಗೆ ಹೇಳುವುದು ಹೇಗೆ? ಎರಡು ದಿನ ಯೋಚಿಸಿದೆ. ಕೊನೆಗೆ ಹಾಲಿನ ದಾರಿಯಿಂದಲೇ ಹೋದೆ.

ಮಧ್ಯಾಹ್ನ ಡೈರಿಯಿಂದ ಅಳತೆಯ ಜಾರು ತಂದು ಮಂಚದ ಪಕ್ಕ ಕೂತು ಕೇಳಿದೆ. "ಅಪ್ಪ, ಹಾಲಿಗೆ ಫ್ಯಾಟ್ ಎಷ್ಟು ಬರ್ಬೇಕು?"

"ನಾಟಕ ಆಡ್ತೀಯೇನ್ಲಾ? ಹಸುವಿನ ಹಾಲಿಗೆ ಮೂರೂವರೆ. ಎಸ್ಎನ್ಎಫ್ ಎಂಟೂವರೆ."

"ನೂರಕ್ಕೆ ನಾಲ್ಕು ಬಂದ್ರೆ ಆ ಹಾಲು ಫೇಲಾ?"

"ನಾಲ್ಕು ಅಂದ್ರೆ ಫಸ್ಟ್ ಕ್ಲಾಸ್ ಹಾಲು. ನೂರಕ್ಕೆ ನೂರು ಬರಕ್ಕೆ ಅದೇನು ತುಪ್ಪನಾ?"

"ಹಂಗೇ ಇದೂ" ಅಂದೆ.

ಅಪ್ಪ ತಿರುಗಿ ನೋಡಿದ. ಜಾರಿಗೆ 120 ಮಿಲಿ ನೀರು ಹಾಕಿದೆ. ಅದರಲ್ಲಿ 70 ಮಿಲಿಯನ್ನು ಲೋಟಕ್ಕೆ ಬಗ್ಗಿಸಿ "ಚೆನ್ನಾಗಿರೋ ಹೃದಯ ಒಂದ್ಸಲ ಬಡಿದ್ರೆ ಇಷ್ಟು" ಅಂದೆ. ಆಮೇಲೆ ಇನ್ನೊಂದು ಲೋಟಕ್ಕೆ 51 ಮಿಲಿ ಹಾಕಿ "ನಿಂದು ಇಷ್ಟು" ಅಂತ ಪಕ್ಕದಲ್ಲಿಟ್ಟೆ.

ಅಪ್ಪ ಎರಡೂ ಲೋಟಗಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಲ್ಯಾಕ್ಟೋಮೀಟರ್ ನೋಡುವಾಗ ಕಣ್ಣು ಕಿರಿದು ಮಾಡುತ್ತಾನಲ್ಲ, ಹಾಗೆ. ಬಹಳ ಹೊತ್ತಿನ ಮೇಲೆ "ಇಷ್ಟೇನಾ?" ಅಂದ. ಕಡಿಮೆಯಾದದ್ದು ಇಷ್ಟೇನಾ ಅಂತಲೋ, ಚೆನ್ನಾಗಿರುವ ಹೃದಯ ನೂಕುವುದೂ ಇಷ್ಟೇನಾ ಅಂತಲೋ ಗೊತ್ತಾಗಲಿಲ್ಲ. ನಿಜಕ್ಕೂ 70 ಮಿಲಿ ಅಂದರೆ ಏನು? ಹೋಟೆಲಿನ ಬೈಟು ಕಾಫಿ. ಅಷ್ಟರಲ್ಲಿ ಮನುಷ್ಯ ಬದುಕಿದ್ದಾನೆ.

"ಒಂದ್ಸಲಕ್ಕೆ ಇಷ್ಟೇ. ದಿನಕ್ಕೆ ಎಷ್ಟು ಸಲ ಬಡಿತದೆ ಗೊತ್ತಾ?" ಅಂತ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ನಿಮಿಷಕ್ಕೆ 72 ಅಂದರೆ ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು. ನಿಮಿಷಕ್ಕೆ 5 ಲೀಟರ್ ಅಂದರೆ ದಿನಕ್ಕೆ 7,200 ಲೀಟರ್. ಅಪ್ಪ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು 40ರಿಂದ ಭಾಗಿಸಿದ. "180 ಕ್ಯಾನು!" ಅಂದ. ನಮ್ಮ ಸೊಸೈಟಿಗೆ ಎರಡೂ ಹೊತ್ತು ಸೇರಿ ಬರುವುದೇ ಹದಿನಾರು ಹದಿನೇಳು ಕ್ಯಾನು. ಹತ್ತೂರಿನ ಹಾಲನ್ನು ಒಬ್ಬನೇ ಎತ್ತಿ ಇಳಿಸಿದ ಹಾಗೆ. ಅದೂ ಮುಷ್ಟಿ ಗಾತ್ರದ ಒಂದು ಮಾಂಸದ ಮುದ್ದೆ.

"ಅಷ್ಟೊಂದು ರಕ್ತ ಎಲ್ಲಿಂದ ಬತ್ತದೆ?" ಅಂತ ಅಪ್ಪ ಕೇಳಿದ.

ಆಗ ಅವನಿಗೆ ಹಾರ್ವೆಯ ಕತೆ ಹೇಳಿದೆ. ವಿಲಿಯಂ ಹಾರ್ವೆ ಇಂಗ್ಲೆಂಡಿನ ಡಾಕ್ಟರು. ಅವನ ಕಾಲದವರು, ನಾವು ತಿಂದ ಅನ್ನದಿಂದ ಪಿತ್ತಜನಕಾಂಗ ಹೊಸ ರಕ್ತ ಮಾಡುತ್ತಲೇ ಇರುತ್ತದೆ, ಮೈ ಅದನ್ನು ಹೀರಿ ಮುಗಿಸುತ್ತದೆ ಅಂತ ನಂಬಿದ್ದರು. ಗೇಲನ್ ಎಂಬ ಹಳೆಯ ವೈದ್ಯನ ಈ ಮಾತನ್ನು ಸಾವಿರಕ್ಕೂ ಹೆಚ್ಚು ವರ್ಷ ಒಪ್ಪಿಕೊಂಡು ಬಂದಿದ್ದರು. ಹಾರ್ವೆ ಮಾಡಿದ್ದು ಒಂದು ಗುಣಾಕಾರ. ಒಂದು ಬಡಿತಕ್ಕೆ ಬರೀ ಅರ್ಧ ಔನ್ಸ್, ಅಂದರೆ 15 ಮಿಲಿಯಷ್ಟೇ ಹೋಗುತ್ತದೆ ಅಂತ ಬೇಕೆಂದೇ ಕಡಿಮೆ ಹಿಡಿದ. ಅರ್ಧ ಗಂಟೆಗೆ ಬರೀ 1,000 ಬಡಿತ ಅಂದುಕೊಂಡ. ಆದರೂ ಅರ್ಧ ಗಂಟೆಯಲ್ಲಿ ಸುಮಾರು 15 ಲೀಟರ್ ಆಗುತ್ತದೆ! ಇಡೀ ಮೈಯಲ್ಲಿರುವ ರಕ್ತವೇ ಸುಮಾರು 5 ಲೀಟರ್. ಯಾರು ತಾನೇ ಅರ್ಧ ಗಂಟೆಗೆ ಅಷ್ಟು ಊಟ ಮಾಡಲು ಸಾಧ್ಯ? ಅಂದಮೇಲೆ..

ಅಪ್ಪ ನನ್ನನ್ನು ಅಲ್ಲೇ ತಡೆದ. "ಲೆಕ್ಕ ತಾಳೆ ಆಗ್ತಿಲ್ಲ ಅಂದ್ಮೇಲೆ ಹೋದ ಮಾಲೇ ವಾಪಸ್ ಬರ್ತಿರ್ಬೇಕು."

ನನಗೆ ರೋಮಾಂಚನವಾಯಿತು. 1628ರಲ್ಲಿ ಹಾರ್ವೆ ಪುಸ್ತಕದಲ್ಲಿ ಬರೆದು ಲೋಕಕ್ಕೆ ಹೇಳಿದ್ದು ಇದನ್ನೇ. ಅದೇ ರಕ್ತ ಸುತ್ತಿ ಸುತ್ತಿ ಬರುತ್ತದೆ. ಹೋಗುವ ನಾಳದಿಂದ ಬರುವ ನಾಳಕ್ಕೆ ರಕ್ತ ದಾಟುವ ಕೂದಲಿಗಿಂತ ಸಣ್ಣ ದಾರಿಗಳನ್ನು ಅವನು ಕಣ್ಣಾರೆ ನೋಡಿರಲಿಲ್ಲ. ಅವನ್ನು 1661ರಲ್ಲಿ ಇಟಲಿಯ ಮಾಲ್ಪಿಗಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದಿಂದ ನೋಡಿದ. ಅಷ್ಟರಲ್ಲಿ ಹಾರ್ವೆ ತೀರಿಹೋಗಿದ್ದ. ಕಣ್ಣಿಗೆ ಕಾಣದ್ದನ್ನು ಬರೀ ಲೆಕ್ಕದ ಪುಸ್ತಕ ಇಟ್ಟುಕೊಂಡು ಹಿಡಿದವನು ಅವನು. ನಮ್ಮಪ್ಪ ಕೂಡ ಹಾಲಿಗೆ ನೀರು ಹಾಕಿದವರನ್ನು ಹಾಗೆಯೇ ಹಿಡಿಯುವುದು.

ಅವತ್ತು ಅಪ್ಪ ಮೊದಲ ಸಲ ತಾನಾಗಿ ಎದ್ದು ಜಗುಲಿಗೆ ಬಂದು ಕೂತ. ನಾನು ಪಕ್ಕದಲ್ಲಿ ಕೂತೆ. ಹೇಳಬೇಕೋ ಬೇಡವೋ ಅಂತ ಒದ್ದಾಡಿ ಕೊನೆಗೆ ಹೇಳಿಬಿಟ್ಟೆ. "ಅಪ್ಪ, ಅವತ್ತು ರಾತ್ರಿ ಗ್ಯಾಸ್ ಅಂದಿದ್ದು ನಾನು. ಆವಾಗ್ಲೇ ಆಸ್ಪತ್ರೆಗೆ ಹೋಗು ಅಂದಿದ್ರೆ.."

ಅಪ್ಪ ಬೀದಿ ಕಡೆ ನೋಡುತ್ತಲೇ ಹೇಳಿದ. "ನೀನು ಹೇಳ್ದೆ ಅಂತ ಮಲಗಿದ್ನಾ ನಾನು? ಬೆಳಿಗ್ಗೆ ಹಾಲಿನ ಲಾರಿ ಬತ್ತಿತ್ತಲ್ಲಪ್ಪ. ನೀನು ಹೋಗು ಅಂದಿದ್ರೂ ಹೋಗ್ತಿರ್ಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಅವ್ವಂಗೆ ಕಾಫಿ ಇಡಕ್ಕೆ ಹೇಳು. ಬೈಟು" ಅಂದ.

ಅದು ನಿಜವೋ, ನನ್ನ ಭಾರ ಇಳಿಸಲು ಹೇಳಿದ್ದೋ ನಾನು ಕೇಳಲು ಹೋಗಲಿಲ್ಲ. ಈಗ ಇದನ್ನು ಓದುತ್ತಿರುವ ನಿಮಗೆ ಮಾತ್ರ ಒಂದು ಮಾತು. ನಡುವಯಸ್ಸು ದಾಟಿದವರು ಕೆಲಸ ಮಾಡುವಾಗ ಎದೆ ಉರಿ, ಎದೆ ಬಿಗಿತ, ಬೆವರು ಅಂದರೆ ಫೋನಿನಲ್ಲಿ 'ಗ್ಯಾಸ್' ಅಂತ ತೀರ್ಪು ಕೊಡಬೇಡಿ. ಒಂದು ಇ.ಸಿ.ಜಿ. ತೆಗೆಸಿ. ಗ್ಯಾಸೇ ಆಗಿದ್ದರೆ ನಕ್ಕು ಮನೆಗೆ ಬಂದರಾಯಿತು.

ಆಮೇಲಿನದು ಮಾತ್ರೆಗಳ ಕತೆ. ಒಂದು ಮಾತ್ರೆ ಮೆಟೊಪ್ರೊಲೋಲ್. ಅದು ನಾಡಿಯನ್ನು ನಿಧಾನ ಮಾಡುತ್ತದೆ. ಮೊದಲಿಗೆ ನನಗೆ ಗಾಬರಿಯಾಯಿತು. ಮೊದಲೇ ಕಡಿಮೆ ನೂಕುವ ಹೃದಯ, ಬೇಗಬೇಗ ಬಡಿದು ಲೆಕ್ಕ ಸರಿ ಮಾಡುತ್ತಿದೆ, ಅದನ್ನೂ ನಿಧಾನ ಮಾಡಿದರೆ ಗತಿ ಏನು? ಮುಂದಿನ ಸಲ ಡಾಕ್ಟರನ್ನು ಕೇಳಿಯೇಬಿಟ್ಟೆ. ಈ ಸಲ ಅವರಿಗೂ ಪುರುಸೊತ್ತಿತ್ತು, ಕೂರಿಸಿ ಹೇಳಿದರು. ಗಾಯವಾದ ಹೃದಯವನ್ನು ಮೈ ಅಡ್ರಿನಲಿನ್ ಸುರಿದು ಚಾಟಿಯಲ್ಲಿ ಹೊಡೆದ ಹಾಗೆ ಓಡಿಸುತ್ತಿರುತ್ತದೆ. ಆ ಏಟೇ ದಿನ ಕಳೆದಂತೆ ಹೃದಯವನ್ನು ಕೆಡಿಸುತ್ತದೆ. ಮಾತ್ರೆ ಆ ಚಾಟಿಯನ್ನು ತಡೆಯುತ್ತದೆ. ಬಡಿತ ನಿಧಾನವಾದರೆ ಎರಡು ಬಡಿತದ ನಡುವೆ ಕೋಣೆ ತುಂಬಲು ಹೊತ್ತೂ ಸಿಗುತ್ತದೆ. ಅದಕ್ಕೇ ಸಣ್ಣ ಪ್ರಮಾಣದಲ್ಲಿ ಶುರು ಮಾಡಿ ಮೆಲ್ಲಗೆ ಏರಿಸುತ್ತಾರಂತೆ. ಎತ್ತು ಕುಂಟುತ್ತಿದ್ದರೆ ಬಾರುಕೋಲು ಕೆಳಗಿಡು ಅಂತ ನಮ್ಮಜ್ಜ ಹೇಳುತ್ತಿದ್ದದ್ದು ನೆನಪಾಯಿತು.

ಇನ್ನೊಂದು ಡಪಾಗ್ಲಿಫ್ಲೋಜಿನ್. ಮೆಡಿಕಲ್ ಸ್ಟೋರಿನ ಹುಡುಗ ಚೀಟಿ ನೋಡಿ "ಶುಗರ್ ಯಾವಾಗಿಂದ ಅಣ್ಣ?" ಅಂದ. ಅಪ್ಪನಿಗೆ ಸಕ್ಕರೆ ಕಾಯಿಲೆ ಇಲ್ಲವೇ ಇಲ್ಲ! ಸಕ್ಕರೆ ಕಾಯಿಲೆಗೆಂದು ಬಂದ ಈ ಮಾತ್ರೆ, ಸಕ್ಕರೆ ಇಲ್ಲದವರ ಸೋತ ಹೃದಯಕ್ಕೂ ಒಳ್ಳೆಯದು ಮಾಡುತ್ತದೆ ಅಂತ ಗೊತ್ತಾಗಿ ಕೆಲವು ವರ್ಷಗಳಾಗಿವೆ ಅಷ್ಟೇ. ಅವ್ವ ಮಾತ್ರ ಇವತ್ತಿಗೂ ಆ ಮಾತ್ರೆ ಕೊಟ್ಟ ಮೇಲೆ ಕಾಫಿಗೆ ಸಕ್ಕರೆ ಹಾಕಲು ಹಿಂದೆಮುಂದೆ ನೋಡುತ್ತಾಳೆ :)

ಕಷ್ಟವಾದದ್ದು ಉಪ್ಪು. ಹೃದಯದ ನೂಕು ಕಡಿಮೆಯಾದರೆ ಮೂತ್ರಪಿಂಡಗಳಿಗೆ ಮೈಯಲ್ಲಿ ನೀರು ಸಾಲದು ಅನ್ನುವ ಭ್ರಮೆ. ಅವು ಉಪ್ಪನ್ನೂ ನೀರನ್ನೂ ಆಚೆ ಬಿಡದೆ ಹಿಡಿದಿಟ್ಟುಕೊಳ್ಳುತ್ತವೆ. ಕಾಲು ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಹಾಗಾಗಿ ಉಪ್ಪಿನಕಾಯಿ, ಹಪ್ಪಳ ಬಂದ್. ಹಾಸನ ಸೀಮೆಯವನಿಗೆ ಮುದ್ದೆಯ ಜೊತೆ ಉಪ್ಪುಸಾರು ಇಲ್ಲ ಅಂದರೆ ಏನು ಹೇಳೋಣ.. ಅವ್ವ ಹುಳಿ, ಖಾರ, ಬೆಳ್ಳುಳ್ಳಿ ಮುಂದೆ ಮಾಡಿ ಉಪ್ಪನ್ನು ಹಿಂದೆ ಸರಿಸಿದ ಒಂದು ಸಾರು ಕಂಡುಹಿಡಿದಳು. ಅಪ್ಪ ಅದಕ್ಕೆ 'ಸಪ್ಪುಸಾರು' ಅಂತ ಹೆಸರಿಟ್ಟ. ನೀರು ದಿನಕ್ಕೆ ಒಂದೂವರೆ ಲೀಟರ್ ಅಂತ ಅಪ್ಪನಿಗೆ ಹೇಳಿದ್ದರು. ಅದನ್ನು ಬೆಳಿಗ್ಗೆಯೇ ಡೈರಿಯ ಜಾರಿನಲ್ಲಿ ಅಳೆದು ಇಟ್ಟುಬಿಡುತ್ತಿದ್ದ. (ಇದು ನಮ್ಮಪ್ಪನ ಲೆಕ್ಕ. ನಿಮ್ಮವರಿಗೆ ಅವರ ಡಾಕ್ಟರು ಹೇಳಿದ್ದೇ ಲೆಕ್ಕ.)

ಮತ್ತೆ ತೂಕ. ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಬೇಕು, ಎರಡು ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ ಅದು ಕೊಬ್ಬಲ್ಲ, ನೀರು, ಕೂಡಲೇ ಬನ್ನಿ ಅಂದಿದ್ದರು. ನಾನು ಒಂದು ತೂಕದ ಯಂತ್ರ ತಂದುಕೊಟ್ಟೆ. ಅಪ್ಪ ಅದನ್ನು ನಂಬಲಿಲ್ಲ. ಎರಡನೇ ತಿಂಗಳು ಮೆಲ್ಲಗೆ ನಡೆದು ಡೈರಿಗೆ ಹೋದವನು ಪಶು ಆಹಾರದ ಮೂಟೆ ತೂಗುವ ತಕ್ಕಡಿಯ ಮೇಲೆ ಹತ್ತಿ ನಿಂತ. ಸರ್ಕಾರದ ಮುದ್ರೆ ಬಿದ್ದ ತಕ್ಕಡಿ, ಅದು ಸುಳ್ಳು ಹೇಳುವುದಿಲ್ಲ ಅಂತ ಅವನ ವಾದ. ಹಾಲು ಹಾಕಲು ಬಂದವರೆಲ್ಲ ನೋಡುತ್ತಿರುವಾಗಲೇ ಮೂಟೆಯ ಜಾಗದಲ್ಲಿ ಸೆಕ್ರೆಟರಿ. "ಬೂಸ 62 ಕೆ.ಜಿ., ಬರ್ಕಳಿ" ಅಂತ ಯಾರೋ ಕೂಗಿದರು. ಅಪ್ಪ ನಕ್ಕ. ಕಾಯಿಲೆ ಬಿದ್ದ ಮೇಲೆ ಅವನು ನಕ್ಕದ್ದನ್ನು ಭಾವ ಅವತ್ತೇ ನೋಡಿದ್ದಂತೆ. ಫೋನ್ ಮಾಡಿ ಹೇಳಿದರು.

ಮೂರು ತಿಂಗಳ ಮೇಲೆ ಮತ್ತೆ ಎಕೋ. ಈ ಸಲ ನಾನು ಒಳಗೆ ನಿಂತು ನೋಡಿದೆ. ಕಪ್ಪು ತೆರೆಯ ಮೇಲೆ ಬೂದುಬಣ್ಣದ ಬಾವಿಯೊಂದು ಹಿಗ್ಗಿ ಕುಗ್ಗುತ್ತಿತ್ತು. ನಮಗೆ ಕೇಳಿಸದ ಶಬ್ದವನ್ನು ಎದೆಯೊಳಗೆ ಕಳಿಸಿ ಪ್ರತಿಧ್ವನಿಯಿಂದ ಚಿತ್ರ ಬಿಡಿಸುವ ಯಂತ್ರ ಅದು. 1953ರಲ್ಲಿ ಸ್ವೀಡನ್ನಿನ ಲುಂಡ್ ಊರಿನಲ್ಲಿ ಎಡ್ಲರ್ ಎಂಬ ಡಾಕ್ಟರೂ ಹೆರ್ಟ್ಸ್ ಎಂಬ ಭೌತವಿಜ್ಞಾನಿಯೂ ಲೋಹದಲ್ಲಿ ಬಿರುಕು ಹುಡುಕುವ ಯಂತ್ರವೊಂದನ್ನು ಎರವಲು ತಂದು ಹೃದಯದ ಮೇಲೆ ಇಟ್ಟು ನೋಡಿದ್ದರಂತೆ, ಅಲ್ಲಿಂದ ಇದು ಬೆಳೆದದ್ದು. ಟೆಕ್ನಿಷಿಯನ್ ಕೋಣೆಯ ಅಂಚನ್ನು ಗುರುತು ಮಾಡಿದರೆ, ಯಂತ್ರ ಆ ಕೋಣೆಯನ್ನು ಮೂಲಂಗಿ ಬಿಲ್ಲೆ ಹೆಚ್ಚಿದ ಹಾಗೆ ತೆಳು ಬಿಲ್ಲೆಗಳಾಗಿ ಹೆಚ್ಚಿ, ಎಲ್ಲ ಬಿಲ್ಲೆಗಳನ್ನು ಕೂಡಿ ಎಷ್ಟು ಮಿಲಿ ಅಂತ ಹೇಳುತ್ತದೆ. ವಿಧಾನದ ಹೆಸರು ಸಿಂಪ್ಸನ್! ಇಂಜಿನಿಯರಿಂಗಿನಲ್ಲಿ ಯಾಕಪ್ಪಾ ಇದು ಅಂತ ಬೈದುಕೊಂಡು ಓದಿದ್ದ ಅದೇ ಸಿಂಪ್ಸನ್ನನ ನಿಯಮ ಅಪ್ಪನ ಎದೆಯ ಮೇಲೆ ಬಂದು ಕೂತಿತ್ತು. ಅಂಚನ್ನು ಗುರುತು ಮಾಡುವುದು ಮನುಷ್ಯರೇ ಆದ್ದರಿಂದ ನಾಲ್ಕೈದು ಅಂಕ ಆಚೀಚೆ ಆಗುವುದು ಸಹಜ ಅಂತಲೂ ಆಗಲೇ ಗೊತ್ತಾದದ್ದು. ಹಾಗಿರುವಾಗ 32ಕ್ಕೂ 35ಕ್ಕೂ ನಡುವೆ ಗೆರೆ ಎಳೆದು ಪಾಸು ಫೇಲು ಅನ್ನುವುದರಲ್ಲಿ ಅರ್ಥವೇ ಇಲ್ಲ.

ವರದಿ ಬಂತು. ತುಂಬಿದಾಗ 140, ಉಳಿದದ್ದು 80. ಒಂದು ಬಡಿತಕ್ಕೆ 60 ಮಿಲಿ. ಇ.ಎಫ್. 43.

ಸತ್ತ ಮಾಂಸಖಂಡ ಮತ್ತೆ ಹುಟ್ಟುವುದಿಲ್ಲ. ಆದರೆ ಏಟಿನ ಹೊತ್ತಿನಲ್ಲಿ ಸಾಯದೆ, ಬರೀ ದಿಕ್ಕೆಟ್ಟು ಸುಮ್ಮನೆ ನಿಂತಿದ್ದ ಒಂದಷ್ಟು ಭಾಗವಿರುತ್ತದಂತೆ. ರಕ್ತ ಮತ್ತೆ ಹರಿದ ಮೇಲೆ ಅದು ವಾರಗಟ್ಟಲೆ ಸಮಯ ತೆಗೆದುಕೊಂಡು ಎಚ್ಚರವಾಗುತ್ತದೆ. ಅದೂ ಆಯಿತು, ಮಾತ್ರೆಗಳಿಂದ ಹಿಗ್ಗಿದ್ದ ಕೋಣೆ ಸ್ವಲ್ಪ ಕುಗ್ಗಿತ್ತು. ನಾನು ಆ 9 ಮಿಲಿಯನ್ನೇ ನೋಡುತ್ತಿದ್ದೆ. ಎರಡು ಟೀ ಚಮಚೆಯಷ್ಟೂ ಇಲ್ಲ. ನಾಡಿ 92ರಿಂದ 70ಕ್ಕೆ ಇಳಿದಿತ್ತು. ಅಂದರೆ ದಿನಕ್ಕೆ 31 ಸಾವಿರಕ್ಕೂ ಹೆಚ್ಚು ಬಡಿತ ಹೃದಯಕ್ಕೆ ಉಳಿತಾಯ. ಖರ್ಚು ಮಾಡಬಾರದು ಅಂತ ಅಪ್ಪ ಮಂಚದ ಮೇಲೆ ಮಲಗಿ ಉಳಿಸಲು ನೋಡಿದ್ದು, ಎದ್ದು ನಡೆದಾಡಿ ಮಾತ್ರೆ ನುಂಗಿದಾಗ ಉಳಿದಿತ್ತು.

ಹೊರಗೆ ಬಂದು ಅಪ್ಪನಿಗೆ ಹಾಳೆ ಕೊಟ್ಟೆ. ಕನ್ನಡಕ ಏರಿಸಿ ನೋಡಿದ. "43ಕ್ಕೆ ರೇಟ್ ಎಷ್ಟು ಕೊಡ್ತರೆ?" ಅಂದ. ಆಮೇಲೆ ಮೆಲ್ಲಗೆ, "ಅಕ್ಟೋಬರಲ್ಲಿ ಕಟ್ಟಿದ್ದು ಪಾಸಾಯ್ತು ಅನ್ನು" ಅಂದ.

ಪೂರ್ತಿ ಗುಣವಾಗಿದೆ ಅಂತ ನಾನು ಬರೆಯಲಾರೆ. ಮೆಟ್ಟಿಲು ಹತ್ತಿದರೆ ಅಪ್ಪ ನಡುವೆ ನಿಲ್ಲುತ್ತಾನೆ. ಓಡುವಾಗ, ಭಾರ ಎತ್ತುವಾಗ ಗಟ್ಟಿ ಹೃದಯವೊಂದು ನಿಮಿಷಕ್ಕೆ 5 ಲೀಟರಿನಿಂದ 20 ಲೀಟರಿನವರೆಗೂ ಹೋಗಬಲ್ಲದು, ಆ ಮೀಸಲು ಅಪ್ಪನಲ್ಲಿ ಈಗ ಕಡಿಮೆ. ಕ್ಯಾನು ಎತ್ತುವುದು ಭಾವನ ಮಗ. ಅಪ್ಪ ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುತ್ತಾನೆ, ಫ್ಯಾಟ್ ನೋಡುತ್ತಾನೆ, ಬೈಯುತ್ತಾನೆ. ಬೀಗದ ಕೈ ಮತ್ತೆ ಅವನ ಉಡಿದಾರಕ್ಕೆ ಬಂದಿದೆ. ಹಸು ಮಾರುವ ಮಾತು ಯಾರೂ ಎತ್ತಿಲ್ಲ.

ಡಾಕ್ಟರು ಯಾವುದಾದರೂ ಸಂಖ್ಯೆ ಹೇಳಿದರೆ ಒಂದು ಪ್ರಶ್ನೆ ಕೇಳಿ: "ಇದು ಚೆನ್ನಾಗಿರೋರಲ್ಲಿ ಎಷ್ಟಿರುತ್ತೆ?" ಅಷ್ಟು ಕೇಳದೇ ಇದ್ದದ್ದಕ್ಕೆ ನಮ್ಮಪ್ಪ ಮೂರು ವಾರ ಬದುಕಿದ್ದೂ ಸತ್ತವನ ಹಾಗೆ ಮಲಗಿದ್ದ.

ಇವತ್ತು ಬೆಳಿಗ್ಗೆ ಏಳೂಕಾಲಿಗೆ ಫೋನ್ ಬಂತು. "62.1" ಅಂದ. ನಿನ್ನೆಗಿಂತ 300 ಗ್ರಾಂ ಜಾಸ್ತಿ. "ಏನಪ್ಪ, ಉಪ್ಪಿನಕಾಯಿ ತಿಂದ್ಯಾ?" ಅಂದೆ. ಆ ಕಡೆ ಮಾತಿಲ್ಲ. ಆಮೇಲೆ, "ತಡಿ, ಅವ್ವಂಗೆ ಕೊಡ್ತೀನಿ."